ಹೋಂಸ್ಟೇ ವಹಿವಾಟು: ಬಾಡಿಗೆ, ಕಮಿಷನ್ ಮತ್ತು ಬುಕಿಂಗ್ ಲೆಕ್ಕಾಚಾರ

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ತೋಟದ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ನೀಡುವುದು ಒಂದು ಉಪಕಸುಬಾಗಿ ಬೆಳೆದಿದೆ. ವರ್ತಕರೂ ಸಣ್ಣ ಉದ್ದಿಮೆದಾರರೂ ಇದರತ್ತ ಒಲವು ತೋರುತ್ತಿದ್ದಾರೆ. ಆದರೆ ಅಂಗಡಿಯ ಲೆಕ್ಕದಲ್ಲಿ ಪೈಸೆಯನ್ನೂ ಬಿಡದವರು ಕೋಣೆಯ ಲೆಕ್ಕದಲ್ಲಿ ಎಡವುವುದುಂಟು. ಅತಿಥಿ ತೆತ್ತ ಹಣವೆಲ್ಲ ಆದಾಯವಲ್ಲ ಎಂಬುದು ಈ ವಹಿವಾಟಿನ ಮೊದಲ ಪಾಠ.

ತೆರಿಗೆಯ ಹೊಣೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500 ಮೀರದ ಕೋಣೆಗೆ ಶೇ. 5ರ ಜಿಎಸ್‌ಟಿ ಅನ್ವಯಿಸುತ್ತದೆ. ಆದರೆ ಈ ದರದಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಅದಕ್ಕೂ ಮೇಲ್ಪಟ್ಟ ಬಾಡಿಗೆಗೆ ಶೇ. 18ರ ತೆರಿಗೆಯಿದ್ದು, ಕ್ರೆಡಿಟ್ ಪಡೆಯಲು ಅವಕಾಶವಿದೆ. ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದೆ, ನೋಂದಣಿ ಮಾಡಿಸಬೇಕಾದ ಅಗತ್ಯವಿಲ್ಲದ ಮಾಲೀಕರ ಕೋಣೆಯು ಬುಕಿಂಗ್ ಜಾಲತಾಣದ ಮೂಲಕ ಹೋದಾಗ ತೆರಿಗೆ ಪಾವತಿಸುವ ಹೊಣೆ ಜಾಲತಾಣದ್ದೇ ಆಗಿರುತ್ತದೆ.

ಒಂದು ಉದಾಹರಣೆ

ನೋಂದಾಯಿತ ಮಾಲೀಕರೊಬ್ಬರ ಕೋಣೆಯ ಬಾಡಿಗೆ ದಿನಕ್ಕೆ ರೂ. 4,000 ಎಂದೂ, ಜಾಲತಾಣದ ಕಮಿಷನ್ ಬಾಡಿಗೆಯ ಶೇ. 15 ಎಂದೂ ಭಾವಿಸೋಣ.

ಎರಡು ದಿನಗಳ ಬಾಡಿಗೆ: ರೂ. 8,000
ಅತಿಥಿಯಿಂದ ಪಡೆಯುವ ಜಿಎಸ್‌ಟಿ: ರೂ. 400
ಕಮಿಷನ್: ರೂ. 1,200
ಕಮಿಷನ್ ಮೇಲಿನ ಶೇ. 18ರ ಜಿಎಸ್‌ಟಿ: ರೂ. 216

ಅತಿಥಿ ತೆರುವ ರೂ. 8,400ರಲ್ಲಿ ರೂ. 400 ಸರ್ಕಾರಕ್ಕೆ ಸಲ್ಲತಕ್ಕದ್ದು. ಕಮಿಷನ್ ಮೇಲಿನ ರೂ. 216ಕ್ಕೆ ಕ್ರೆಡಿಟ್ ಇಲ್ಲದ ಕಾರಣ ಅದೂ ವೆಚ್ಚವೇ. ಉಳಿಯುವುದು ರೂ. 6,584. ಅಂದರೆ ಶೇ. 15 ಎಂದುಕೊಂಡ ಕಮಿಷನ್ ವಾಸ್ತವದಲ್ಲಿ ಶೇ. 17.7 ಆಗುತ್ತದೆ. ಜಾಲತಾಣವು ಇದರಲ್ಲಿ ಮುರಿದುಕೊಳ್ಳುವ ಟಿಸಿಎಸ್ (ಶೇ. 0.5) ಮತ್ತು ಟಿಡಿಎಸ್ (ಶೇ. 0.1) ಮಾತ್ರ ವೆಚ್ಚವಲ್ಲ, ರಿಟರ್ನ್ ಸಲ್ಲಿಸಿ ಅವನ್ನು ಜಮಾ ಪಡೆಯಬಹುದು.

ಇದೇ ಕೋಣೆಯನ್ನು ಪರಿಚಿತ ಅತಿಥಿಗೆ ಶೇ. 10ರ ರಿಯಾಯಿತಿಯಲ್ಲಿ ನೇರವಾಗಿ ನೀಡಿದರೂ ತೆರಿಗೆ ಹೊರತಾಗಿ ರೂ. 7,200 ಕೈಸೇರುತ್ತದೆ. ಇಬ್ಬರಿಗೂ ಲಾಭವೇ. ಆದರೆ ಬೇರೆಡೆ ಕಡಿಮೆ ದರ ಪ್ರಕಟಿಸಬಾರದೆಂಬ ಷರತ್ತು ಜಾಲತಾಣದ ಕರಾರಿನಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಬುಕಿಂಗ್ ವಿಧಾನಗಳು

ತಕ್ಷಣ ಖಚಿತವಾಗುವ ಬುಕಿಂಗ್‌ನಲ್ಲಿ ಕೋಣೆ ಬೇಗ ತುಂಬುತ್ತದೆ. ಆದರೆ ಎರಡು ಜಾಲತಾಣಗಳಲ್ಲಿರುವ ಕೋಣೆಯ ದಿನಸೂಚಿಯನ್ನು ಆಗಿಂದಾಗ್ಗೆ ಸರಿಪಡಿಸದಿದ್ದಲ್ಲಿ ಒಂದೇ ಕೋಣೆಗೆ ಇಬ್ಬರು ಬಂದು ನಿಲ್ಲುವ ಅಪಾಯವಿದೆ. ಕೋರಿಕೆ ಪರಿಶೀಲಿಸಿ ಒಪ್ಪುವ ವಿಧಾನದಲ್ಲಿ ಈ ಅಪಾಯ ಕಡಿಮೆ. ಆದರೆ ಉತ್ತರ ತಡವಾದರೆ ಗಿರಾಕಿ ಕೈತಪ್ಪುತ್ತಾನೆ.

ಬಂದ ಮೇಲೆ ಹಣ ಪಾವತಿಸುವ ಬುಕಿಂಗ್ ಅತಿಥಿಗೆ ಅನುಕೂಲ. ಆತ ಬಾರದಿದ್ದರೆ ನಷ್ಟ ಮಾಲೀಕರಿಗೆ. ಆದ್ದರಿಂದ ದಸರಾ ಮತ್ತು ವರ್ಷಾಂತ್ಯದ ರಜೆಗಳಿಗೆ ಮುಂಗಡ ಪಡೆಯುವುದೂ, ಮಳೆಗಾಲದ ಬಿಡುವಿನ ದಿನಗಳಿಗೆ ರದ್ದತಿಯ ನಿಯಮ ಸಡಿಲಿಸುವುದೂ ಯುಕ್ತ.

ಅತಿಥಿಯಾಗಿ ಹೋಗುವವರೂ ಮೊದಲು ಕಾಣುವ ದರವನ್ನಲ್ಲ, ಶುಚಿತ್ವ ಶುಲ್ಕ, ಸೇವಾಶುಲ್ಕ, ತೆರಿಗೆಗಳನ್ನೊಳಗೊಂಡ ಅಂತಿಮ ಮೊತ್ತವನ್ನು ಹೋಲಿಸಬೇಕು. ಮಾಲೀಕರಾದರೋ ಬಾಡಿಗೆ ನಿಗದಿಪಡಿಸುವ ಮುನ್ನ ಕೈಗೆ ಉಳಿಯುವ ಮೊತ್ತದಿಂದ ಹಿಮ್ಮುಖವಾಗಿ ಲೆಕ್ಕ ಹಾಕುವುದು ಒಳಿತು.