‘ತಿಳಿಯಿತೇ?’ ಎಂದು ಕೇಳಿದರೆ ಸಾಲದು

ವೈದ್ಯರು ಚೀಟಿ ಬರೆದುಕೊಟ್ಟು ‘ತಿಳಿಯಿತಲ್ಲ?’ ಎನ್ನುತ್ತಾರೆ. ರೋಗಿ ‘ಹೂಂನ್ರಿ, ತಿಳೀತು’ ಎಂದು ತಲೆಯಾಡಿಸಿ ಎದ್ದು ಬರುತ್ತಾರೆ. ಅದು ಸುಳ್ಳೇನಲ್ಲ. ತಪ್ಪಾಗಿ ತಿಳಿದವರಿಗೂ ತಮಗೆ ತಿಳಿದಿದೆ ಎಂದೇ ಅನಿಸಿರುತ್ತದೆ. ಆದ್ದರಿಂದ ಈ ಪ್ರಶ್ನೆಯಿಂದ ತಪ್ಪು ಹೊರಬೀಳುವುದೇ ಇಲ್ಲ.

ನಮ್ಮ ಕೇಶ್ವಾಪುರದ ಅನೇಕ ಮನೆಗಳಲ್ಲಿ ಮನೆಮಾತು ಉರ್ದು, ಪೇಟೆಯ ಮಾತು ಕನ್ನಡ, ಚೀಟಿಯ ಮೇಲಿರುವುದು ಇಂಗ್ಲಿಷ್. ‘ಫಾಸ್ಟಿಂಗ್ ಶುಗರ್ ಮಾಡಿಸಿ’ ಎಂದಾಗ ಕೆಲವರು ಅದನ್ನು ರೋಜಾ ಎಂದು ತಿಳಿಯುತ್ತಾರೆ. ನಸುಕಿನಲ್ಲೇ ಊಟ ಮಾಡಿ, ಆಮೇಲೆ ಹನಿ ನೀರನ್ನೂ ಮುಟ್ಟದೆ ಪರೀಕ್ಷೆಗೆ ಬರುತ್ತಾರೆ. ಬೇಕಾದದ್ದು ಬೇರೆಯೇ: ಕನಿಷ್ಠ 8 ಗಂಟೆ ಆಹಾರ ಬೇಡ, ಚಹಾವೂ ಬೇಡ, ಬರೀ ನೀರು ಕುಡಿಯಬಹುದು. ಯುನಾನಿಯಲ್ಲಿಯೂ ಹೀಗೇ. ‘ನಿಹಾರ್ ಮುಂಹ್’ ತೆಗೆದುಕೊಳ್ಳಿ ಎಂದರೆ ಬೆಳಗ್ಗೆ ಏನನ್ನೂ ಸೇವಿಸುವ ಮೊದಲು ಎಂದರ್ಥ. ‘ಏನೂ ತಿಂದಿಲ್ಲ ಹಕೀಮ್‌ಸಾಬ್, ಬರೇ ಚಹಾ ಬಿಸ್ಕೀಟು’ ಎನ್ನುವವರು ಕಡಿಮೆಯಿಲ್ಲ!

ಮಕ್ಕಳ ವಿಷಯದಲ್ಲಿ ಇದು ನಗುವ ಮಾತಲ್ಲ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ, ಸಣ್ಣದನ್ನು 200 ಮಿ.ಲೀ. ನೀರಿಗೆ ಪೂರ್ತಿ ಹಾಕಬೇಕು. ಅಳತೆ ಪೊಟ್ಟಣದ ಮೇಲೆಯೇ ಇರುತ್ತದೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಕಲಸಿದ್ದು 24 ಗಂಟೆಯ ನಂತರ ಉಳಿದರೆ ಚೆಲ್ಲಬೇಕು. ಝಿಂಕ್ ಮಾತ್ರೆ ಬರೆದುಕೊಟ್ಟಿದ್ದರೆ ಭೇದಿ ನಿಂತರೂ ಹೇಳಿದಷ್ಟು ದಿನ, ಸಾಮಾನ್ಯವಾಗಿ 14 ದಿನ, ಕೊಡಬೇಕು. ಇಷ್ಟನ್ನೂ ಆಸ್ಪತ್ರೆಯಲ್ಲಿ ಕೇಳಿಸಿಕೊಂಡವರು ಮಗುವಿನ ತಂದೆ. ಕಲಸಿ ಕುಡಿಸುವವರು ಮನೆಯಲ್ಲಿರುವ ತಾಯಿ ಅಥವಾ ಅಜ್ಜಿ. ಔಷಧಿ ಕುಡಿಸುವವರೇ ವೈದ್ಯರ ಮುಂದೆ ಕೂರಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ‘ಟೀಚ್ ಬ್ಯಾಕ್’ ಎಂಬ ಸುಲಭ ವಿಧಾನವಿದೆ. ವೈದ್ಯರು ‘ತಿಳಿಯಿತೇ?’ ಎನ್ನುವ ಬದಲು ‘ಮನೆಗೆ ಹೋಗಿ ಇದನ್ನು ಹೇಗೆ ಕೊಡುತ್ತೀರಿ, ನನಗೆ ಹೇಳಿ’ ಎನ್ನುತ್ತಾರೆ. ಇದು ರೋಗಿಯ ಪರೀಕ್ಷೆಯಲ್ಲ. ವೈದ್ಯರು ಸರಿಯಾಗಿ ವಿವರಿಸಿದರೇ ಎಂಬುದರ ಪರೀಕ್ಷೆ. ತಪ್ಪಿದ್ದರೆ ಬೇರೆ ಮಾತಿನಲ್ಲಿ ವಿವರಿಸಿ ಮತ್ತೆ ಕೇಳಬೇಕು. 2003ರಲ್ಲಿ ಪ್ರಕಟವಾದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಅಧ್ಯಯನದಲ್ಲಿ, ಮಧುಮೇಹಿಗಳ 61 ಭೇಟಿಗಳ ಪೈಕಿ 12ರಲ್ಲಿ ಮಾತ್ರ ವೈದ್ಯರು ಹೀಗೆ ಕೇಳಿದ್ದರು. ಹಾಗೆ ಕೇಳಿದ ವೈದ್ಯರ ರೋಗಿಗಳಲ್ಲಿ ಸಕ್ಕರೆ ಹತೋಟಿ ಉತ್ತಮವಾಗಿತ್ತು.

ದೊಡ್ಡ ಆಸ್ಪತ್ರೆಗಳ ಪಾಳಿಯಲ್ಲಿ ನಿಂತವರಿಗೆ ವೈದ್ಯರ ಪುರುಸೊತ್ತು ಎಷ್ಟೆಂದು ಗೊತ್ತು. ಅವರು ಕೇಳದಿದ್ದರೆ ನೀವೇ ಹೇಳಿ: ‘ಡಾಕ್ಟ್ರೇ, ನಾನು ತಿಳಕೊಂಡಿದ್ದು ಹೀಂಗ, ಬರೋಬ್ಬರಿ ಐತೇನ್ರಿ?’ ಅರ್ಧ ನಿಮಿಷದ ಕೆಲಸ. ದೊಡ್ಡವರೆದುರು ಮರುಮಾತಾಡುವುದು ಬೇಅದಬಿ ಎಂದು ಸುಮ್ಮನಿರಬೇಡಿ. ಚೀಟಿಯ ‘1-0-1’ ಎಂದರೆ ಬೆಳಗ್ಗೆ ಒಂದು, ರಾತ್ರಿ ಒಂದು. ಔಷಧಿ ಅಂಗಡಿಯವರಿಗೂ ಒಮ್ಮೆ ಹೇಳಿ ತೋರಿಸಿದರೆ ನಷ್ಟವಿಲ್ಲ.

ಸಕ್ಕರೆ ಕಾಯಿಲೆಯವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ, ರೋಜಾ ಇಡಬಹುದೇ, ಯಾವ ಮಾತ್ರೆ ಸಹರಿಗೆ, ಯಾವುದು ಇಫ್ತಾರಿಗೆ, ಇನ್ಸುಲಿನ್ ಎಷ್ಟು ಎಂದು ಕೇಳಿ, ಕೇಳಿದ್ದನ್ನು ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಕೂಡಲೇ ರೋಜಾ ಬಿಡಬೇಕೆಂಬ ಮಾತನ್ನು ಜೊತೆಗೆ ಹೋದ ಮನೆಯವರೂ ಒಮ್ಮೆ ಹೇಳಲಿ.