ಆಶ್ರಯ ಕೇಳೋಕೆ ನಾಚಿಕೆ ಆಗ್ತದ

ನನಗೆ 19 ವರ್ಷ, ಊರು ಹವಳಗಾ. ತಂದೆ-ತಾಯಿ ಇಲ್ಲ. 18 ತುಂಬುವವರೆಗೆ ಬಾಲಮಂದಿರದಲ್ಲಿದ್ದೆ. ಹೊರಬಂದು ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ತಿಂಗಳಿದ್ದೆ, ಜಗಳವಾಗಿ ಬಿಟ್ಟೆ. ಹಂಗಾಮಿನಲ್ಲಿ ಕಬ್ಬು ಕಡಿಯುವವರ ಗುಡಿಸಲಲ್ಲಿ ಮಲಗುತ್ತಿದ್ದೆ. ಈಗ ಒಮ್ಮೆ ಗಾಣಗಾಪುರ, ಒಮ್ಮೆ ಕಲಬುರಗಿ ಸ್ಟೇಷನ್. ಹಗಲು ಹೆಂಗೋ ಹೋಗ್ತದ, ರಾತ್ರಿ ಹೋಗಂಗಿಲ್ಲ. ಪಿಯುಸಿ ಪಾಸಾದವ ನಾನು, ಪುಕ್ಕಟೆ ಆಶ್ರಯ ಕೇಳೋಕೆ ನಾಚಿಕೆ ಆಗ್ತದ. ಜೊತೆಗೆ ಒಬ್ಬ ಸಣ್ಣ ಹುಡುಗನೂ ಇದ್ದಾನೆ, 15 ಇರಬೇಕು.

*

ನಿಮ್ಮ ಕಾಗದದಲ್ಲಿ ಹಸಿವಿನ ಮಾತು ಬಂದೇ ಇಲ್ಲ, ನಾಚಿಕೆಯ ಮಾತು ಬಂದಿದೆ. ತಲೆದಿಂಬಿಗೆ ಚೀಲ, ಚೀಲದೊಳಗೆ ಮಾರ್ಕ್ಸ್ ಕಾರ್ಡು, ಅದು ಕಳೆದೀತೆಂದು ಅರೆನಿದ್ದೆ ಇರಬಹುದು. ಹೀಗೆ ತಿಂಗಳುಗಟ್ಟಲೆ ಮಲಗಿದವರಿಗೆ ಮೈಗಿಂತ ಮನಸ್ಸು ಹೆಚ್ಚು ಸವೆಯುತ್ತದೆ. ನಿಮಗೆ ನಾಚಿಕೆ ಅನ್ನಿಸುವುದರಲ್ಲಿ ತಪ್ಪೇನಿಲ್ಲ.

ಆದರೆ ನೀವು ಮಲಗುವ ಗಾಣಗಾಪುರವನ್ನೇ ಒಮ್ಮೆ ನೋಡಿ. ಕಾರಿನಲ್ಲಿ ಬಂದಿಳಿದ ಭಕ್ತರೂ ಅಲ್ಲಿ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ಅವರ ಮಾನ ಹೋಯಿತೆಂದು ಯಾರೂ ಅನ್ನುವುದಿಲ್ಲ. ಅರಳಗುಂಡಗಿಯಿಂದ ಕಲಬುರಗಿಗೆ ಬಂದ ಶರಣಬಸವರು ದಾಸೋಹ ನಡೆಸಿದ ಸೀಮೆ ಇದು. ಪಂಕ್ತಿಯಲ್ಲಿ ಕೂತವನ ಕುಲ, ಕಸುಬು ಕೇಳುವ ರೂಢಿ ದಾಸೋಹಕ್ಕಿಲ್ಲ. ಉಂಡವನು ನಾಳೆ ಬಡಿಸಲೂ ನಿಲ್ಲಬಹುದು. ನಾಚಿಕೆಪಡಬೇಕಾದವರು ಯಾರಾದರೂ ಇದ್ದರೆ, 18 ತುಂಬಿದ ಮರುದಿನವೇ ಹುಡುಗ ಗಂಡಸಾಗಿಬಿಡುತ್ತಾನೆ ಎಂದುಕೊಂಡ ನಾವು, ನೀವಲ್ಲ.

ಇನ್ನೊಂದು ಮಾತು ನಿಮಗೆ ಯಾರೂ ಹೇಳಿದಂತಿಲ್ಲ. ನಿಮ್ಮ ವಿಷಯದಲ್ಲಿ ಇದು ಬರೀ ದಾನದ ಪ್ರಶ್ನೆಯಲ್ಲ. 2015ರ ಬಾಲನ್ಯಾಯ ಕಾಯ್ದೆಯು ಪಾಲನಾ ಸಂಸ್ಥೆಯಿಂದ 18ಕ್ಕೆ ಹೊರಬಿದ್ದವರಿಗೆ ನೆರವು ಕೊಡಲು ಅವಕಾಶ ಮಾಡಿದೆ. ಅದಕ್ಕೆ ಅನುಪಾಲನೆ ಎನ್ನುತ್ತಾರೆ. ಸಾಮಾನ್ಯವಾಗಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ನಿಮಗಿನ್ನೂ 19. ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಬಾಲಮಂದಿರದಲ್ಲಿದ್ದ ದಾಖಲೆ ತೋರಿಸಿ, ಅರ್ಜಿ ಬರೆದುಕೊಡಿ. ಸ್ವೀಕೃತಿ ತೆಗೆದುಕೊಳ್ಳದೆ ಏಳಬೇಡಿ. ಒಂದೆರಡು ಸಲ ಅಲೆದಾಡಿಸಿಯಾರು. ಸಿಟ್ಟು ಬಂದರೆ ಹೊರಗೆ ಹೋಗಿ ಚಹಾ ಕುಡಿದು ಮತ್ತೆ ಒಳಗೆ ಬನ್ನಿ.

ಅದು ಕೈಗೂಡುವವರೆಗೆ ರಾತ್ರಿಗಳಿವೆಯಲ್ಲ. ಲಕ್ಷ ಜನಕ್ಕೊಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಆಶ್ರಯಕೇಂದ್ರ ನಗರಗಳಲ್ಲಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಎಷ್ಟೋ ಕಡೆ ಅವನ್ನು ನಡೆಸುವವರು ಸ್ವಯಂಸೇವಾ ಸಂಸ್ಥೆಯವರು. ಮಹಾನಗರ ಪಾಲಿಕೆಯಲ್ಲಿ 'ವಸತಿರಹಿತರ ಆಶ್ರಯಕೇಂದ್ರ ಎಲ್ಲಿದೆ?' ಎಂದೇ ಕೇಳಿ. ಆಧಾರ್, ಮಾರ್ಕ್ಸ್ ಕಾರ್ಡುಗಳ ಫೋಟೋ ತೆಗೆದು ನಂಬಿಕಸ್ಥರೊಬ್ಬರ ಮೊಬೈಲಿಗೆ ಕಳಿಸಿಡಿ. ಆಗ ಆ ಚೀಲ ನಿಮ್ಮ ನಿದ್ದೆ ಕೆಡಿಸುವುದು ಕಡಿಮೆಯಾದೀತು.

ಕೆಲಸದ ಮಾತು. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗಳಲ್ಲಿ ಆರ್‌ಸೆಟಿಗಳಿವೆ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು. ಹಳ್ಳಿಯ ಯುವಕರಿಗೆ ಊಟ, ವಸತಿ ಕೊಟ್ಟು ಪುಕ್ಕಟೆ ತರಬೇತಿ. ನಿಮಗೆ ಕಸುಬೂ ಬೇಕು, ಸೂರೂ ಬೇಕು. ಕೆಲವು ವಾರವಾದರೂ ಎರಡೂ ಒಟ್ಟಿಗೆ ಸಿಗುವ ಜಾಗ ಅದು. ವಿಚಾರಿಸದೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೋ ಮುಂಬೈಗೋ ಹೋಗಬೇಡಿ. ಅಲ್ಲಿಯ ಪ್ಲಾಟ್‌ಫಾರ್ಮ್ ಇನ್ನೂ ಉದ್ದ, ಅಷ್ಟೇ.

ಚಿಕ್ಕಪ್ಪನ ಜೊತೆ ರಾಜಿಯಾಗಿ ಎಂದು ನಾನು ಒತ್ತಾಯಿಸುವುದಿಲ್ಲ. ಆದರೆ ಬದುಕಿದ್ದೇನೆಂದು ಒಂದು ಫೋನ್ ಮಾಡಿ. ಜಗಳವಾಡಿದವರಿಗೂ ನಿದ್ದೆ ಹತ್ತಿರಲಿಕ್ಕಿಲ್ಲ. ರಾತ್ರಿ ಮನಸ್ಸು ತೀರಾ ಕತ್ತಲಿಗಿಳಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆ ಸಣ್ಣ ಹುಡುಗನ ವಿಷಯ ಮಾತ್ರ ನಾಳೆಗೆ ಇಡಬೇಡಿ. ಇವತ್ತೇ 1098ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಒಪ್ಪಿಸಿದಂತಾಗುತ್ತದೆಂಬ ಅಳುಕು ಬೇಡ. ಅದು ಮಕ್ಕಳ ಸಹಾಯವಾಣಿ, 24 ಗಂಟೆಯೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕೆಂದು ಕಾನೂನಿದೆ. ಅವರು ಬರುವವರೆಗೆ ಪಕ್ಕದಲ್ಲೇ ಕೂತಿರಿ. ಬಾಲಮಂದಿರದ ಒಳಗೆ ಹೇಗಿರುತ್ತದೆ, ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸುತ್ತಾರೆ, ಊಟಕ್ಕೆ ಏನು ಹಾಕುತ್ತಾರೆ, ಇದೆಲ್ಲ ಗೊತ್ತಿರುವವರು ಸದ್ಯಕ್ಕೆ ಅವನ ಹತ್ತಿರ ನೀವೊಬ್ಬರೇ.