ದತ್ತಾಂಶ ಕಡತಗಳ ಸುರಕ್ಷಿತ ಸಂಗ್ರಹಣೆ ಮತ್ತು ಸಾಗಣೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಭ್ಯಾಸ ಪಾಠ

ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ದತ್ತಾಂಶವು ರಾಜ್ಯ ಮಟ್ಟದ ಸರ್ವರ್‌ಗಳಲ್ಲಿರುತ್ತದೆ. ಆದರೆ ನೀರಿನ ಕರದ ಪಟ್ಟಿ, ತೆರಿಗೆ ಬಾಕಿಯ ತಃಖ್ತೆ, ಫಲಾನುಭವಿಗಳ ವಿವರ ಇತ್ಯಾದಿಗಳನ್ನು ಕಚೇರಿಯ ಗಣಕಯಂತ್ರದಲ್ಲಿ ಎಕ್ಸೆಲ್ ಅಥವಾ ಆಕ್ಸೆಸ್ ಕಡತಗಳಾಗಿ ಇಟ್ಟುಕೊಂಡಿದ್ದಲ್ಲಿ, ಅವುಗಳ ರಕ್ಷಣೆಯ ಹೊಣೆ ಪಂಚಾಯತಿಯದೇ ಆಗಿರುತ್ತದೆ. ಬಾಕಿ ಪಟ್ಟಿಯ ಕಡತ ಕೆಟ್ಟರೆ, ಕರ ಕಟ್ಟಿದ ಕುಟುಂಬಕ್ಕೇ ಮತ್ತೆ ಬೇಡಿಕೆ ನೋಟಿಸು ಹೋಗಬಹುದು. ಆಗ ಜನರಿಗೆ ಉತ್ತರ ಹೇಳಬೇಕಾದವರು ವಾರ್ಡಿನ ಸದಸ್ಯರು.

ಕಾಗದದ ವಹಿಯಲ್ಲಿ ಒಂದು ಹಾಳೆ ಹರಿದರೆ ಉಳಿದ ಹಾಳೆಗಳನ್ನು ಓದಬಹುದು. ದತ್ತಾಂಶ ಕಡತದ ಸ್ವರೂಪ ಬೇರೆ. ಯಾವ ನಮೂದು ಎಲ್ಲಿದೆ ಎಂಬ ಸೂಚಿಯೂ ಅದರೊಳಗೇ ಇರುವುದರಿಂದ, ಆ ಭಾಗಕ್ಕೆ ಅಲ್ಪ ಹಾನಿಯಾದರೂ ಇಡೀ ಕಡತ ತೆರೆಯದೆ ಹೋಗಬಹುದು. ಕಡತ ತೆರೆದುಕೊಂಡು, ಒಳಗಿನ ಅಂಕಿಗಳು ಮಾತ್ರ ತಪ್ಪಾಗಿರುವುದು ಇದಕ್ಕಿಂತ ಅಪಾಯಕರ.

1. ಬಳಕೆಯಲ್ಲಿರುವ ಕಡತವನ್ನು ನಕಲಿಸಬಾರದು

ತಂತ್ರಾಂಶ ಚಾಲನೆಯಲ್ಲಿರುವಾಗ ಹೊಸ ನಮೂದುಗಳ ಒಂದು ಭಾಗವು ಗಣಕದ ಸ್ಮೃತಿಯಲ್ಲಿ ಅಥವಾ ಪಕ್ಕದ ತಾತ್ಕಾಲಿಕ ಕಡತದಲ್ಲಿ ಇರಬಹುದು. ಆಗ ಮುಖ್ಯ ಕಡತವನ್ನಷ್ಟೇ ನಕಲಿಸಿದರೆ ಇತ್ತೀಚಿನ ನಮೂದುಗಳು ಬಿಟ್ಟುಹೋಗುತ್ತವೆ ಅಥವಾ ಅರ್ಧಂಬರ್ಧ ಬರುತ್ತವೆ. ಆಕ್ಸೆಸ್ ಕಡತ ಬಳಕೆಯಲ್ಲಿರುವಾಗ ಅದೇ ಫೋಲ್ಡರಿನಲ್ಲಿ 'ಎಲ್‌ಎಸಿಸಿಡಿಬಿ' ಎಂದು ಕೊನೆಗೊಳ್ಳುವ ಚಿಕ್ಕ ಕಡತವೊಂದು ಕಾಣಿಸುತ್ತದೆ. ಎಲ್ಲ ಗಣಕಗಳಲ್ಲಿಯೂ ತಂತ್ರಾಂಶವನ್ನು ಮುಚ್ಚಿ, ಆ ಕಡತ ಮಾಯವಾದ ನಂತರವೇ ನಕಲಿಸತಕ್ಕದ್ದು. ತಂತ್ರಾಂಶದಲ್ಲಿಯೇ ಬ್ಯಾಕಪ್ ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಉತ್ತಮ.

2. ವಿದ್ಯುತ್ ಮತ್ತು ಪೆನ್‌ಡ್ರೈವ್

ಬರವಣಿಗೆಯ ನಡುವೆ ವಿದ್ಯುತ್ ಕಡಿತವಾದರೆ ಕಡತ ಅಪೂರ್ಣವಾಗುತ್ತದೆ. ಯುಪಿಎಸ್ ಬ್ಯಾಟರಿಯು ಗಣಕವನ್ನು ಕ್ರಮವಾಗಿ ಮುಚ್ಚುವಷ್ಟು ಹೊತ್ತಾದರೂ ನಿಲ್ಲಬೇಕು. ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ಪೆನ್‌ಡ್ರೈವಿಗೆ ಬರೆಯುವ ಕೆಲಸ ಬಾಕಿ ಇರಬಹುದು. ಆದ್ದರಿಂದ 'ಇಜೆಕ್ಟ್' ಆಜ್ಞೆ ನೀಡಿದ ಬಳಿಕವೇ ಅದನ್ನು ಹೊರತೆಗೆಯತಕ್ಕದ್ದು. ಪೆನ್‌ಡ್ರೈವ್ ಇರುವುದು ಸಾಗಣೆಗೆ. ಅದನ್ನೇ ಏಕೈಕ ಸಂಗ್ರಹವಾಗಿ ನೆಚ್ಚಬಾರದು.

3. ತಿಳಿಯದಂತೆ ಬದಲಾಗುವ ಅಂಕಿಗಳು

ಎಕ್ಸೆಲ್ 15 ಅಂಕಿಗಳವರೆಗಿನ ಸಂಖ್ಯೆಯನ್ನು ಮಾತ್ರ ಯಥಾವತ್ತಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯನ್ನು ಸಾಮಾನ್ಯ ಅಂಕಣದಲ್ಲಿ ನಮೂದಿಸಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳು ಅಳಿಸಿಹೋಗುತ್ತವೆ. 12-3 ಎಂಬ ಸ್ವತ್ತಿನ ಸಂಖ್ಯೆ ದಿನಾಂಕವಾಗಿ ಮಾರ್ಪಡುತ್ತದೆ. ಇಂತಹ ಅಂಕಣಗಳನ್ನು ನಮೂದಿಗೆ ಮುನ್ನವೇ 'ಟೆಕ್ಸ್ಟ್' ಎಂದು ಗೊತ್ತುಪಡಿಸಬೇಕು. ಯೂನಿಕೋಡ್ ಕನ್ನಡದ ಪಟ್ಟಿಯನ್ನು ಸಾಮಾನ್ಯ ಸಿಎಸ್‌ವಿ ಆಗಿ ಉಳಿಸಿದರೆ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು. 'ಸಿಎಸ್‌ವಿ ಯುಟಿಎಫ್-8' ಆಯ್ಕೆಯನ್ನು ಬಳಸತಕ್ಕದ್ದು.

4. ಸಾಗಣೆಯ ನಂತರ ತಾಳೆ

ಕಳುಹಿಸಿದ ಕಡತ ಮತ್ತು ತಲುಪಿದ ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೋಲಿಸುವುದು ಮೊದಲ ಹೆಜ್ಜೆ. ಗಾತ್ರ ಒಂದೇ ಇದ್ದರೂ ಒಳಗೆ ವ್ಯತ್ಯಾಸವಿರಬಹುದು. ವಿಂಡೋಸ್‌ನಲ್ಲಿರುವ 'ಸರ್ಟ್‌ಯುಟಿಲ್' ಸೌಲಭ್ಯದಿಂದ ಕಡತದ 'ಎಸ್‌ಎಚ್‌ಎ-256' ಮೊತ್ತವನ್ನು ತೆಗೆಯಬಹುದು. ಇದು 64 ಅಕ್ಷರಗಳ ಗುರುತಾಗಿದ್ದು, ಕಡತದಲ್ಲಿ ಒಂದು ಅಂಕಿ ಬದಲಾದರೂ ಪೂರ್ಣ ಬೇರೆಯಾಗುತ್ತದೆ. ಎರಡೂ ಕಡೆಯ ಮೊತ್ತ ಒಂದೇ ಆಗಿದ್ದರೆ ನಕಲು ಯಥಾವತ್ತಾಗಿದೆಯೆಂದು ತಿಳಿಯಬಹುದು. ತಾಳೆಯಾಗುವವರೆಗೆ ಮೂಲ ಕಡತವನ್ನು ಅಳಿಸಬಾರದು. ಆಧಾರ್ ಅಥವಾ ಬ್ಯಾಂಕ್ ವಿವರವಿರುವ ಕಡತಕ್ಕೆ ಗುಪ್ತಪದ ಹಾಕಿ, ಆ ಪದವನ್ನು ಕಡತದೊಂದಿಗೆ ಕಳುಹಿಸದೆ ಪ್ರತ್ಯೇಕವಾಗಿ ತಿಳಿಸಬೇಕು.

5. ಮೂರು ಪ್ರತಿಗಳು

ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ: ಇದು ಎಲ್ಲೆಡೆ ಒಪ್ಪಿತವಾದ ನಿಯಮ. ಒಂದು ಪ್ರತಿಯಾದರೂ ಗಣಕಕ್ಕೆ ಸದಾ ಜೋಡಣೆಯಾಗಿರಬಾರದು. ಇಲ್ಲವಾದರೆ ವೈರಸ್ ದಾಳಿಯಲ್ಲಿ ಅದೂ ನಾಶವಾಗಬಹುದು. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯದೆ, ದಿನಾಂಕಸಹಿತ ಪ್ರತ್ಯೇಕವಾಗಿ ಇಡಬೇಕು. ಕೆಟ್ಟ ಕಡತ ಒಳ್ಳೆಯದನ್ನು ಅಳಿಸಿಹಾಕುವ ಅಪಾಯ ಇದರಿಂದ ತಪ್ಪುತ್ತದೆ.

ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡುವಂತಿಲ್ಲ. ನಿಗದಿತ ಅವಧಿಗೊಮ್ಮೆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಒಟ್ಟು ಸ್ವತ್ತುಗಳ ಸಂಖ್ಯೆ ಮತ್ತು ಒಟ್ಟು ಬಾಕಿಯನ್ನು ಮೂಲದೊಂದಿಗೆ ತಾಳೆ ನೋಡಬೇಕು. ವಿದ್ಯುನ್ಮಾನ ದಾಖಲೆಯು ಮುಂದೆಯೂ ಲಭ್ಯವಿರುವಂತೆ ಮತ್ತು ಮೂಲ ಮಾಹಿತಿಯನ್ನು ನಿಖರವಾಗಿ ತೋರುವಂತೆ ಇರಬೇಕೆಂಬುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಪ್ರಕರಣದ ಆಶಯವೂ ಆಗಿದೆ.

ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಸದಸ್ಯರು ಗಣಕ ತಜ್ಞರಾಗಿರಬೇಕಿಲ್ಲ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಈ ಕೆಳಗಿನ ಮಾಹಿತಿ ಪಡೆದರೆ ಸಾಕು:

ಅ) ಕಚೇರಿಯ ಗಣಕದಲ್ಲಿ ಮಾತ್ರ ಇರುವ ಕಡತಗಳು ಯಾವುವು?
ಆ) ಕೊನೆಯ ಬ್ಯಾಕಪ್ ಯಾವ ದಿನಾಂಕದ್ದು, ಎಲ್ಲಿದೆ, ಯಾರ ವಶದಲ್ಲಿದೆ?
ಇ) ಆ ಪ್ರತಿಯನ್ನು ತೆರೆದು ತಾಳೆ ನೋಡಿದ್ದು ಯಾವಾಗ?
ಈ) ಸಿಬ್ಬಂದಿ ಬದಲಾದಾಗ ಕಡತಗಳು ಮತ್ತು ಗುಪ್ತಪದಗಳನ್ನು ಲಿಖಿತವಾಗಿ ಹಸ್ತಾಂತರಿಸಲಾಗುತ್ತಿದೆಯೇ?

ಉತ್ತರಗಳನ್ನು ಸಭಾ ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಮುಂದಿನ ಸಭೆಯಲ್ಲಿ ಅವೇ ಪ್ರಶ್ನೆಗಳನ್ನು ಕೇಳಿದಾಗ, ಆದ ಪ್ರಗತಿ ಎಷ್ಟೆಂಬುದು ಆ ದಾಖಲೆಯಿಂದಲೇ ತಿಳಿಯುತ್ತದೆ.